ತೊಂದರೆಯೇನೂ ಇಲ್ಲ ಸರ್



ನಿಮ್ಮ ಮಗಳು ಸಂಜೆ ಶಾಲೆಯಿಂದ ಬಂದವಳೇ ಚೀಲ ಎಸೆದು ಮೊದಲು ಓಡುವುದೆಲ್ಲಿಗೆ? ಅಡುಗೆಮನೆಗೋ, ಟಿ.ವಿ.ಯ ಮುಂದಕ್ಕೋ? ನನ್ನ ಮಗಳು ಐದನೇ ತರಗತಿಯಲ್ಲಿದ್ದಾಗ ಚಪ್ಪಲಿಯನ್ನೂ ಸರಿಯಾಗಿ ಕಳಚದೆ ಬಚ್ಚಲಿಗೆ ಓಡುತ್ತಿದ್ದಳು. ಬೆಳಿಗ್ಗೆ ನಾನು ತುಂಬಿಸಿ ಕೊಟ್ಟ ನೀರಿನ ಬಾಟಲಿ ಸಂಜೆ ತುಂಬಿದ ಹಾಗೆಯೇ ಮನೆಗೆ ಮರಳುತ್ತಿತ್ತು. ಇದಕ್ಕೆ ಕಾರಣವೇನೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಏಕೆಂದರೆ ಅವಳು ಕಲಿಯುತ್ತಿದ್ದ ಶಾಲೆಯಲ್ಲೇ ನಾನು ಕಲಿಸುತ್ತಿದ್ದೆ. ಆ ಶಾಲೆಯ ಹುಡುಗಿಯರ ಶೌಚಾಲಯದ ಬಾಗಿಲಿಗೆ ಚಿಲಕವಿರಲಿಲ್ಲ. ನಳ್ಳಿಯಲ್ಲಿ ನೀರೂ ಬರುತ್ತಿರಲಿಲ್ಲ. ಹಾಗಾಗಿ ಮಕ್ಕಳು ನೀರು ಕುಡಿಯುವುದನ್ನೇ ಬಿಟ್ಟಿದ್ದರು.

ಈ ವಿಷಯವನ್ನು ಇಷ್ಟು ವರ್ಷ ನಾನು ಯಾರಲ್ಲೂ ಹೇಳಿರಲಿಲ್ಲ. ಈಗ ಹೇಳುವಂತೆ ಮಾಡಿದವಳು ಅದೇ ಮಗಳು. ಅವಳೀಗ ಕಾನೂನು ಓದುತ್ತಿದ್ದಾಳೆ. ರಜೆಯಲ್ಲಿ ಮನೆಗೆ ಬಂದಾಗ ತಾನು ಓದಿದ ಮೊಕದ್ದಮೆಗಳನ್ನು ಕಥೆಯ ಹಾಗೆ ನನಗೆ ಹೇಳುವುದು ಅವಳ ಅಭ್ಯಾಸ. ನಾನು ಅರಬಿಕ್ ಮದ್ರಸದಲ್ಲಿ ಕಲಿತು, ಮದುವೆಯಾದ ಮೇಲೆ ಅಂಚೆ ಶಿಕ್ಷಣದ ಮೂಲಕ ಬಿ.ಎ. ಮುಗಿಸಿದವಳು. ಕೋರ್ಟಿನ ಮೆಟ್ಟಿಲು ಹತ್ತಿದವಳಲ್ಲ. ಆದರೂ ಅವಳು ಹೇಳುವ ಕಥೆಗಳನ್ನು ಅಕ್ಕಿ ಆರಿಸುತ್ತಾ, ಮೀನು ಕೊಯ್ಯುತ್ತಾ ಕೇಳುವುದೆಂದರೆ ನನಗೆ ಇಷ್ಟ. ಕಳೆದ ರಜೆಯಲ್ಲಿ ಅವಳು ಹೇಳಿದ ಕಥೆ ಮಾತ್ರ ನನ್ನ ನಿದ್ದೆಯನ್ನೇ ಕೆಡಿಸಿತು. ಮೊದಲು ಅದನ್ನು ನಿಮಗೆ ಹೇಳಿಬಿಡುತ್ತೇನೆ.

ಅಮೇರಿಕದ ದಕ್ಷಿಣ ಭಾಗದಲ್ಲಿ ಅಲಬಾಮ ಎಂಬ ರಾಜ್ಯವಿದೆ. ಅಲ್ಲಿನ ಬರ್ಮಿಂಗ್‌ಹ್ಯಾಮ್ ನಗರದ ಹೆಸರನ್ನು ನಿಮ್ಮಲ್ಲಿ ಕೆಲವರಾದರೂ ಕೇಳಿರಬಹುದು. 1963ರಲ್ಲಿ ಕರಿಯರ ಹಕ್ಕುಗಳಿಗಾಗಿ ಶಾಲಾ ಮಕ್ಕಳು ಬೀದಿಗಿಳಿದಾಗ ಪೊಲೀಸರು ನಾಯಿಗಳನ್ನು ಛೂ ಬಿಟ್ಟು, ಬೆಂಕಿ ನಂದಿಸುವ ಪೈಪಿನಿಂದ ನೀರು ಹಾಯಿಸಿದ ನಗರವದು. ಅಲ್ಲಿನ ಸರಕಾರಿ ಶಾಲೆಗಳನ್ನು ನೋಡಿಕೊಳ್ಳುವುದು ನಗರದ ಶಿಕ್ಷಣ ಮಂಡಳಿ. ರಾಡ್ರಿಕ್ ಜಾಕ್ಸನ್ ಎಂಬವರು 1993ರಲ್ಲಿ ಈ ಮಂಡಳಿಯಡಿ ದೈಹಿಕ ಶಿಕ್ಷಣ ಶಿಕ್ಷಕರಾಗಿ ಸೇರಿದರು. ಪಾಠದ ಜೊತೆಗೆ ಹುಡುಗಿಯರ ಬಾಸ್ಕೆಟ್‌ಬಾಲ್ ತಂಡದ ತರಬೇತಿಯೂ ಅವರದ್ದೇ. ತರಬೇತಿಗೆ ಸಂಬಳದ ಮೇಲೆ ಬೇರೆ ಭತ್ತೆ ಸಿಗುತ್ತಿತ್ತು. 1999ರ ಆಗಸ್ಟಿನಲ್ಲಿ ಅವರನ್ನು ಎನ್ಸ್ಲಿ ಹೈಸ್ಕೂಲಿಗೆ ವರ್ಗ ಮಾಡಲಾಯಿತು.

ಅಲ್ಲಿ ಅವರು ಕಂಡದ್ದೇನು? ಹುಡುಗರ ತಂಡಕ್ಕೆ ಹೊಸ ಆಟದ ಸಭಾಂಗಣ. ಹುಡುಗಿಯರಿಗೆ ಚಳಿಗಾಲದಲ್ಲಿ ಬೆಚ್ಚಗಿಡುವ ವ್ಯವಸ್ಥೆಯೂ ಇಲ್ಲದ ಹಳೆಯ ಸಭಾಂಗಣ. ಅಲ್ಲಿ ಚೆಂಡು ಬೀಳುವ ಬಳೆಗಳೂ ಬಾಗಿದ್ದವು. ಹೊರಗಿನ ಪಂದ್ಯಗಳಿಗೆ ಹುಡುಗರು ಬಸ್ಸಿನಲ್ಲಿ ಹೋಗುತ್ತಿದ್ದರೆ ಹುಡುಗಿಯರು ಯಾರ ಕಾರಿನಲ್ಲಿ ಜಾಗ ಸಿಗುತ್ತದೆಂದು ಹುಡುಕಬೇಕಿತ್ತು. ಹಣದಲ್ಲಿಯೂ ಹುಡುಗಿಯರಿಗೆ ಸಮಪಾಲು ಸಿಗುತ್ತಿರಲಿಲ್ಲ. ಇದೆಲ್ಲ ಅವರು ಮಾಡಿದ ಆರೋಪ. 2000ದ ಡಿಸೆಂಬರಿನಿಂದ ಅವರು ಮೇಲಧಿಕಾರಿಗಳಿಗೆ ದೂರು ಕೊಡತೊಡಗಿದರು. ದೂರಿಗೆ ಉತ್ತರ ಬರಲಿಲ್ಲ. ಬಂದದ್ದು ಅವರ ಕೆಲಸ ಸರಿಯಿಲ್ಲ ಎಂಬ ಷರಾ. 2001ರ ಮೇ ತಿಂಗಳಲ್ಲಿ ತಂಡದ ತರಬೇತಿಯಿಂದ ಅವರನ್ನು ಕಿತ್ತುಹಾಕಲಾಯಿತು. ಶಿಕ್ಷಕನ ಕೆಲಸ ಉಳಿಯಿತು, ಭತ್ತೆ ಹೋಯಿತು.

ಜಾಕ್ಸನ್ ಕೋರ್ಟಿಗೆ ಹೋದರು. ಅಮೇರಿಕದಲ್ಲಿ 1972ರ ಶಿಕ್ಷಣ ಕಾನೂನೊಂದರ ಒಂಬತ್ತನೆಯ ಭಾಗವನ್ನು ‘ಟೈಟಲ್ ನೈನ್’ ಎಂದು ಕರೆಯುತ್ತಾರೆ. ಕೇಂದ್ರ ಸರಕಾರದ ಹಣ ಪಡೆಯುವ ಶಿಕ್ಷಣ ಸಂಸ್ಥೆಗಳು ಹೆಣ್ಣು, ಗಂಡು ಎಂಬ ಕಾರಣಕ್ಕೆ ಭೇದ ಮಾಡಕೂಡದು ಎನ್ನುತ್ತದೆ ಆ ಕಾನೂನು. ಅದರ ಪ್ರಕಾರ ನನಗೆ ನ್ಯಾಯ ಕೊಡಿ ಎಂದು ಅವರು ಕೇಳಿದರು. ಕೆಳಗಿನ ಕೋರ್ಟು ಅರ್ಜಿಯನ್ನು ತಳ್ಳಿಹಾಕಿತು. ಮೇಲ್ಮನವಿಯಲ್ಲೂ 2002ರಲ್ಲಿ ಸೋಲು. ಆ ಕೋರ್ಟುಗಳ ವಾದ ಸರಳವಾಗಿತ್ತು. ಭೇದ ಮಾಡಬಾರದೆಂದು ಕಾನೂನಿನಲ್ಲಿದೆ, ದೂರು ಕೊಟ್ಟವರ ಮೇಲೆ ಸೇಡು ತೀರಿಸಬಾರದೆಂದು ಎಲ್ಲಿಯೂ ಬರೆದಿಲ್ಲ. ಅಲ್ಲದೆ ಅನ್ಯಾಯವಾಗಿದ್ದರೆ ಅದು ಹುಡುಗಿಯರಿಗೆ. ನಡುವೆ ನೀವು ಯಾರು?

ಸಹೋದರಿಯರೇ, ಮಗಳು ಇಲ್ಲಿಗೆ ಕಥೆ ನಿಲ್ಲಿಸಿ, “ಉಮ್ಮ, ನೀವೇ ಹೇಳಿ. ಈ ಮಾತು ಸರಿಯೇ?” ಎಂದು ಕೇಳಿದಳು. “ಸರಿಯಲ್ಲ” ಎಂದೆ. ಸ್ವರ ಸ್ವಲ್ಪ ಒಣಗಿತ್ತು.

ಮೊಕದ್ದಮೆ ಅಮೇರಿಕದ ಸುಪ್ರೀಂ ಕೋರ್ಟಿಗೆ ಹೋಯಿತು. 2005ರ ಮಾರ್ಚ್ 29ರಂದು ತೀರ್ಪು ಬಂತು. ಒಂಬತ್ತು ನ್ಯಾಯಾಧೀಶರಲ್ಲಿ ಐವರು ಜಾಕ್ಸನ್‌ರ ಪರ, ನಾಲ್ವರು ವಿರುದ್ಧ. ಬಹುಮತದ ತೀರ್ಪನ್ನು ಬರೆದವರು ಒಬ್ಬ ಮಹಿಳೆ. ಆ ಕೋರ್ಟಿನ ಮೊತ್ತಮೊದಲ ಮಹಿಳಾ ನ್ಯಾಯಾಧೀಶೆಯಾದ ಸ್ಯಾಂಡ್ರಾ ಡೇ ಓಕಾನರ್. ಅವರು ಹೇಳಿದ್ದರ ಸಾರ ಇಷ್ಟು. ಭೇದಭಾವದ ವಿರುದ್ಧ ದೂರು ಕೊಟ್ಟ ಕಾರಣಕ್ಕೆ ಒಬ್ಬರನ್ನು ಶಿಕ್ಷಿಸುವುದು ಕೂಡ ಉದ್ದೇಶಪೂರ್ವಕ ಭೇದಭಾವವೇ. ದೂರು ಕೊಟ್ಟವರು ಸ್ವತಃ ಆ ಭೇದಕ್ಕೆ ಒಳಗಾದವರೇ ಆಗಿರಬೇಕೆಂದಿಲ್ಲ. ಮಕ್ಕಳಿಗಾಗುವ ಅನ್ಯಾಯವನ್ನು ಗುರುತಿಸಿ ಮೇಲಿನವರಿಗೆ ತಿಳಿಸಲು ಶಿಕ್ಷಕರಿಗಿಂತ ಸೂಕ್ತರು ಹೆಚ್ಚಾಗಿ ಬೇರೆ ಇರುವುದಿಲ್ಲ. ಹಾಗೆ ತಿಳಿಸಿದವರನ್ನು ಶಿಕ್ಷಿಸಲು ಬಿಟ್ಟರೆ ನೋಡಿದವರು ಬಾಯಿ ಮುಚ್ಚಿಕೊಳ್ಳುತ್ತಾರೆ. ಆಗ ಕಾನೂನು ಇದ್ದೂ ಇಲ್ಲದಂತಾಗುತ್ತದೆ.

1969ರ ಒಂದು ಹಳೆಯ ಮೊಕದ್ದಮೆಯನ್ನೂ ಅವರು ನೆನಪಿಸಿದರು. ವರ್ಜೀನಿಯದಲ್ಲಿ ಬಿಳಿಯನೊಬ್ಬ ತನ್ನ ಮನೆಯನ್ನು ಕರಿಯ ಕುಟುಂಬಕ್ಕೆ ಬಾಡಿಗೆಗೆ ಕೊಟ್ಟಿದ್ದ. ಆ ಬಡಾವಣೆಯ ಉದ್ಯಾನದ ಸದಸ್ಯತ್ವವನ್ನು ಬಾಡಿಗೆದಾರನಿಗೆ ಕೊಡಲು ಸಂಘದವರು ಒಪ್ಪಲಿಲ್ಲ. ಇದು ಅನ್ಯಾಯವೆಂದು ಹೇಳಿದ್ದಕ್ಕೆ ಬಿಳಿಯನನ್ನೇ ಸಂಘದಿಂದ ಹೊರಹಾಕಿದರು. ಅವನೂ ನ್ಯಾಯ ಕೇಳಬಹುದು ಎಂದು ಆಗಲೇ ಕೋರ್ಟು ಹೇಳಿತ್ತು. ಅನ್ಯರಿಗಾದ ಅನ್ಯಾಯಕ್ಕಾಗಿ ಮಾತಾಡಿ ಪೆಟ್ಟು ತಿಂದವನಿಗೂ ಕಾನೂನಿನ ಬಾಗಿಲು ತೆರೆದಿರಬೇಕು ಎಂಬುದು ಹೊಸ ಮಾತೇನಲ್ಲ ಎಂದಾಯಿತು.

ಒಂದು ವಿಷಯ ನೆನಪಿರಲಿ. ಜಾಕ್ಸನ್ ಹೇಳಿದ್ದೆಲ್ಲ ಸಾಬೀತಾಯಿತೆಂದು ಆ ತೀರ್ಪು ಹೇಳಲಿಲ್ಲ. ಮೊಕದ್ದಮೆ ನಡೆಸುವ ಹಕ್ಕು ಅವರಿಗಿದೆ, ಸಾಬೀತು ಪಡಿಸಲು ಅವಕಾಶ ಕೊಡಿ ಎಂದಷ್ಟೇ ಹೇಳಿತು. ಕೊನೆಗೆ 2006ರಲ್ಲಿ ಶಿಕ್ಷಣ ಮಂಡಳಿ ರಾಜಿಗೆ ಬಂತು. ಜಾಕ್ಸನ್‌ಗೆ ತರಬೇತುದಾರನ ಸ್ಥಾನ ಮರಳಿ ಸಿಕ್ಕಿತು, ಕಳೆದುಕೊಂಡ ಹಣಕ್ಕೆ ಪರಿಹಾರವೂ ದೊರೆಯಿತು. ಹುಡುಗಿಯರ ತಂಡಗಳಿಗೂ ಸರಿಸಮಾನ ಸೌಲಭ್ಯ ಕೊಡಲು ಮಂಡಳಿ ಒಪ್ಪಿತು. ಮೊದಲ ದೂರಿನಿಂದ ಅಲ್ಲಿಯವರೆಗೆ ಸುಮಾರು ಆರು ವರ್ಷ. ಅವರು ಯಾರಿಗಾಗಿ ಬಾಯಿ ತೆರೆದಿದ್ದರೋ ಆ ಹುಡುಗಿಯರು ಅಷ್ಟರಲ್ಲಿ ಹೈಸ್ಕೂಲು ಮುಗಿಸಿ ಹೋಗಿಯಾಗಿತ್ತು.

“ಉಮ್ಮ, ನೀವು ಇಷ್ಟು ವರ್ಷ ಶಾಲೆಗಳಲ್ಲಿ ಕೆಲಸ ಮಾಡಿದ್ದೀರಿ. ಇಂಥದ್ದು ನೀವು ನೋಡಿದ್ದೀರಾ?”

ಮಗಳ ಪ್ರಶ್ನೆ ಸಹಜವಾಗಿತ್ತು. ನಾನು ಎದ್ದು ಒಲೆಯ ಮೇಲಿದ್ದ ಸಾರು ನೋಡುವ ನೆಪದಲ್ಲಿ ಒಳಗೆ ಹೋದೆ.

ನೋಡಿದ್ದೆ ಸಹೋದರಿಯರೇ. ಸುಮಾರು ಹನ್ನೆರಡು ವರ್ಷಗಳ ಹಿಂದೆ. ಆ ಶಾಲೆಯ ಹೆಸರು ಇಲ್ಲಿ ಬೇಡ. ಖಾಸಗಿ ಶಾಲೆ, ಅನುದಾನವಿಲ್ಲ. ನಾನು ಬೆಳಿಗ್ಗೆ ಮದ್ರಸದಲ್ಲಿ ಮಕ್ಕಳಿಗೆ ಕಲಿಸಿ, ಹತ್ತು ಗಂಟೆಗೆ ಆ ಶಾಲೆಗೆ ಹೋಗಿ ಕನ್ನಡ ಮತ್ತು ಸಮಾಜ ಪಾಠ ಮಾಡುತ್ತಿದ್ದೆ. ಬಿ.ಎಡ್. ಆಗಿರಲಿಲ್ಲ. ಹಾಗಾಗಿ ಪ್ರತಿ ಎಪ್ರಿಲ್ ಬಂದಾಗಲೂ ಮುಂದಿನ ವರ್ಷ ಕೆಲಸ ಇರುತ್ತದೋ ಇಲ್ಲವೋ ಎಂಬ ಹೆದರಿಕೆ. ಜೊತೆಗೆ ಇನ್ನೊಂದು ಗಂಟು ಇತ್ತು. ಶಿಕ್ಷಕಿಯ ಮಗಳೆಂದು ನನ್ನ ಮಗಳಿಗೆ ಅರ್ಧ ಫೀಸು ಮಾತ್ರ. ನನ್ನವರ ಅಂಗಡಿ ಆಗ ನಷ್ಟದಲ್ಲಿತ್ತು.

ನಮ್ಮ ಜೊತೆ ವಿಜ್ಞಾನ ಕಲಿಸುವ ಒಬ್ಬ ಟೀಚರ್ ಇದ್ದರು. ನನಗಿಂತ ಮೂರ್ನಾಲ್ಕು ವರ್ಷ ಕಿರಿಯರು. ಹುಡುಗಿಯರ ಥ್ರೋಬಾಲ್ ತಂಡವನ್ನೂ ಅವರೇ ನೋಡಿಕೊಳ್ಳುತ್ತಿದ್ದರು. ಆ ವರ್ಷ ಹುಡುಗರಿಗೆ ಹೊಸ ವಾಲಿಬಾಲ್ ಅಂಕಣ, ಹೊಸ ಸಮವಸ್ತ್ರ ಬಂತು. ಹುಡುಗಿಯರ ಶೌಚಾಲಯದ ಚಿಲಕ ಮಾತ್ರ ಬರಲಿಲ್ಲ. ಹುಡುಗಿಯರ ಆಟದ ಪೀರಿಯಡಿನಲ್ಲಿ ತರಗತಿ ಗುಡಿಸುವ ಕೆಲಸ. ದೊಡ್ಡ ಹುಡುಗಿಯರು ತಿಂಗಳಲ್ಲಿ ಮೂರ್ನಾಲ್ಕು ದಿನ ಶಾಲೆಗೇ ಬರುತ್ತಿರಲಿಲ್ಲ. ಈ ಟೀಚರ್ ಹಾಜರಿ ಪುಸ್ತಕ ತೆಗೆದು ಆ ದಿನಗಳನ್ನು ಲೆಕ್ಕ ಮಾಡಿದರು. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಗಂಡು ಮಕ್ಕಳಿಗೂ ಹೆಣ್ಣು ಮಕ್ಕಳಿಗೂ ಪ್ರತ್ಯೇಕ ಶೌಚಾಲಯ, ಕುಡಿಯುವ ನೀರು, ಆಟದ ಬಯಲು ಇರಲೇಬೇಕೆಂದಿದೆ. ಅದನ್ನೆಲ್ಲ ಬರೆದು, ವಿನಯದಿಂದಲೇ, ಆಡಳಿತ ಮಂಡಳಿಗೆ ಒಂದು ಪತ್ರ ತಯಾರಿಸಿದರು. ನಮ್ಮ ಮುಂದಿಟ್ಟು, “ಎಲ್ಲರೂ ಸಹಿ ಹಾಕಿದರೆ ಯಾರೊಬ್ಬರ ಮೇಲೂ ಬೀಳುವುದಿಲ್ಲ” ಎಂದರು.

ಒಬ್ಬೊಬ್ಬರಿಗೂ ಒಂದೊಂದು ಕಾರಣವಿತ್ತು. ನಾನು, “ಮನೆಯಲ್ಲಿ ಕೇಳಿ ಹೇಳುತ್ತೇನೆ ಟೀಚರ್” ಎಂದೆ. ಮನೆಯಲ್ಲಿ ಕೇಳಲೇ ಇಲ್ಲ. ಕೊನೆಗೆ ಅವರೊಬ್ಬರದೇ ಸಹಿಯೊಂದಿಗೆ ಪತ್ರ ಹೋಯಿತು.

ಎರಡು ವಾರದ ಬಳಿಕ ಸಂಚಾಲಕರು ನಮ್ಮನ್ನೆಲ್ಲ ಒಬ್ಬೊಬ್ಬರಾಗಿ ಕಚೇರಿಗೆ ಕರೆದರು. ಗದರಿಸಲಿಲ್ಲ. ಕುಳಿತುಕೊಳ್ಳಲು ಹೇಳಿದರು. “ನಿಮ್ಮ ಮಗಳೂ ಇಲ್ಲೇ ಕಲಿಯುತ್ತಿದ್ದಾಳಲ್ಲ? ಫೀಸಿನ ವಿಷಯ ನಾವು ನೋಡಿಕೊಂಡಿದ್ದೇವೆ. ಶೌಚಾಲಯ, ಆಟ, ಇದರಲ್ಲೆಲ್ಲ ನಿಮಗೆ ಏನಾದರೂ ತೊಂದರೆ ಕಂಡಿದೆಯಾ?” ಎಂದು ಕೇಳಿದರು.

“ತೊಂದರೆಯೇನೂ ಇಲ್ಲ ಸರ್” ಎಂದೆ.

ಅದನ್ನು ಒಂದು ಕಾಗದದಲ್ಲಿ ಬರೆದು ನನ್ನ ಮುಂದಿಟ್ಟರು. ಸಹಿ ಹಾಕಿದೆ. ಅದೇ ದಿನ ಬೆಳಿಗ್ಗೆ ಮದ್ರಸದಲ್ಲಿ ಪುಟ್ಟ ಮಕ್ಕಳಿಗೆ ಸುಳ್ಳು ಸಾಕ್ಷಿ ಎಷ್ಟು ದೊಡ್ಡ ಪಾಪವೆಂದು ಕಲಿಸಿ ಬಂದಿದ್ದೆ. ಆ ದಿನ ಸಂಜೆಯೂ ನನ್ನ ಮಗಳು ಚಪ್ಪಲಿ ಕಳಚದೆ ಬಚ್ಚಲಿಗೆ ಓಡಿದಳು.

ಆಮೇಲೆ ನಡೆದದ್ದನ್ನು ನೀವು ಊಹಿಸಬಲ್ಲಿರಿ. ಆ ಟೀಚರ್‌ರಿಂದ ಹತ್ತನೇ ತರಗತಿಯ ವಿಜ್ಞಾನ ಕಿತ್ತು ಮೂರನೇ ತರಗತಿಗೆ ಹಾಕಿದರು. ಥ್ರೋಬಾಲ್ ತಂಡವನ್ನು ಬೇರೆಯವರಿಗೆ ಕೊಟ್ಟರು. ಐದು ನಿಮಿಷ ತಡವಾದರೆ ಲಿಖಿತ ನೋಟೀಸು. ವರ್ಷಗಟ್ಟಲೆ ಒಳ್ಳೆಯ ಟೀಚರ್ ಎನಿಸಿಕೊಂಡವರ ಪಾಠ ಇದ್ದಕ್ಕಿದ್ದಂತೆ ಕಳಪೆಯಾಯಿತು. ಸ್ಟಾಫ್ ರೂಮಿನಲ್ಲಿ ಅವರ ಪಕ್ಕದ ಕುರ್ಚಿ ಖಾಲಿ ಉಳಿಯತೊಡಗಿತು. ಎಪ್ರಿಲಿನಲ್ಲಿ “ಮುಂದಿನ ವರ್ಷ ಬರುವುದು ಬೇಡ” ಎಂದರು. ಅವರು ಮಕ್ಕಳಿಗೆ ಚಾಕಲೇಟು ಹಂಚಿ, ಛತ್ರಿ ಹಿಡಿದುಕೊಂಡು ಗೇಟು ದಾಟಿ ಹೋದದ್ದನ್ನು ನಾನು ಕಿಟಕಿಯಿಂದ ನೋಡಿದೆ. ಕೆಳಗಿಳಿದು ಹೋಗಿ ಮಾತಾಡಿಸಲಿಲ್ಲ.

ಜೂನ್‌ನಲ್ಲಿ ಶಾಲೆ ತೆರೆದಾಗ ಶೌಚಾಲಯಕ್ಕೆ ಹೊಸ ಬಾಗಿಲು ಬಂದಿತ್ತು. ಒಳಗಿನಿಂದ ಹಾಕಿಕೊಳ್ಳುವ ಗಟ್ಟಿ ಚಿಲಕ. ನಳ್ಳಿಯಲ್ಲಿ ನೀರು. ನನ್ನ ಮಗಳ ಬಾಟಲಿ ಸಂಜೆ ಖಾಲಿಯಾಗಿ ಬರತೊಡಗಿತು. ಆ ಚಿಲಕವನ್ನು ಅವಳು ಐದು ವರ್ಷ ಬಳಸಿದಳು. ಅದರ ಬೆಲೆ ಕೊಟ್ಟವರು ಯಾರೆಂದು ಅವಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದ ನಾನು ಹೇಳಲಿಲ್ಲ.

ಸಾರು ಇಳಿಸಿ ಹೊರಗೆ ಬಂದು ಮಗಳಿಗೆ ಎಲ್ಲವನ್ನೂ ಹೇಳಿದೆ. ಅವಳು ಬಹಳ ಹೊತ್ತು ಸುಮ್ಮನಿದ್ದಳು. ನನ್ನನ್ನು ಬೈದಿದ್ದರೆ ಹಗುರವಾಗುತ್ತಿತ್ತೇನೋ. “ನನ್ನ ಫೀಸಿಗಾಗಿಯಾ ಉಮ್ಮ?” ಎಂದಷ್ಟೇ ಕೇಳಿದಳು. ಆಮೇಲೆ, ಕಾನೂನು ಓದುವ ಹುಡುಗಿಯಲ್ಲವೇ, “ಆ ಟೀಚರ್ ಕೋರ್ಟಿಗೆ ಯಾಕೆ ಹೋಗಲಿಲ್ಲ?” ಎಂದಳು.

ನಮ್ಮಲ್ಲೂ ದಾರಿಗಳಿವೆಯಂತೆ. ಅವಳು ವಿವರಿಸಿ ಹೇಳಿದ್ದನ್ನು ನಿಮಗೂ ಹೇಳುತ್ತೇನೆ, ಏಕೆಂದರೆ ನಮ್ಮ ಮನೆಗಳಲ್ಲಿ ಈಗ ಎಷ್ಟೋ ಹೆಣ್ಣುಮಕ್ಕಳು ಶಿಕ್ಷಕಿಯರಾಗಿದ್ದಾರೆ. 1983ರ ಕರ್ನಾಟಕ ಶಿಕ್ಷಣ ಕಾಯ್ದೆಯ ಪ್ರಕಾರ ಖಾಸಗಿ ಶಾಲೆಯ ನೌಕರರನ್ನು ಆರೋಪ ಏನೆಂದು ತಿಳಿಸದೆ, ವಿಚಾರಣೆ ನಡೆಸದೆ ವಜಾ ಮಾಡುವಂತಿಲ್ಲ. ಹಾಗೆ ಮಾಡಿದರೆ ಮೂರು ತಿಂಗಳೊಳಗೆ ಶಿಕ್ಷಣ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. ಇನ್ನು ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳದ ವಿಷಯದಲ್ಲಿ ನಮ್ಮ ಸುಪ್ರೀಂ ಕೋರ್ಟು 1997ರಲ್ಲೇ, ವಿಶಾಖಾ ತೀರ್ಪಿನಲ್ಲಿ, ದೂರು ಕೊಟ್ಟವಳಿಗೆ ಮಾತ್ರವಲ್ಲ, ಸಾಕ್ಷಿ ಹೇಳಿದವರಿಗೂ ತೊಂದರೆ ಕೊಡಕೂಡದೆಂದು ಹೇಳಿದೆ. ಸಾಕ್ಷಿಗಳೇ ಹೆದರಿದರೆ ದೂರಿಗೆ ಬಲವಿಲ್ಲವೆಂದು ನ್ಯಾಯಾಧೀಶರಿಗೆ ಗೊತ್ತು.

ಆ ರಾತ್ರಿ ನಾನು ಮಲಗಲಿಲ್ಲ. ಮರುದಿನ ಹಳೆಯ ಸಹೋದ್ಯೋಗಿಯೊಬ್ಬರಿಂದ ಆ ಟೀಚರ್‌ರ ನಂಬರು ಪಡೆದು ಫೋನು ಮಾಡಿದೆ. ಅವರೀಗ ಬೇರೆ ಊರಿನಲ್ಲಿ ಮನೆಯಲ್ಲೇ ಟ್ಯೂಷನ್ ನಡೆಸುತ್ತಿದ್ದಾರೆ. ಸ್ವರ ಕೇಳಿ ಗುರುತು ಹಿಡಿದು, ಮೊದಲು ಮಗಳನ್ನೇ ವಿಚಾರಿಸಿದರು. ಕಾನೂನು ಓದುತ್ತಿದ್ದಾಳೆ ಎಂದಾಗ ಖುಷಿಪಟ್ಟರು. ನಾನು ತಡವರಿಸುತ್ತಾ ಕ್ಷಮೆ ಕೇಳಿದೆ. ಪತ್ರಕ್ಕೆ ಸಹಿ ಹಾಕಬೇಕಿತ್ತು ಎಂದೆ.

ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದರು: “ಟೀಚರ್, ಸಹಿ ಹಾಕದ್ದಕ್ಕೆ ನನಗೆ ಬೇಸರವಿಲ್ಲ. ನಿಮಗೆ ನಿಮ್ಮ ಕಷ್ಟ. ಆದರೆ ನನ್ನನ್ನು ಕರೆದು ಆ ಇನ್ನೊಂದು ಕಾಗದ ತೋರಿಸಿದರು. ತೊಂದರೆಯೇನೂ ಇಲ್ಲ ಎಂದು ಎಲ್ಲರೂ ಬರೆದುಕೊಟ್ಟಿದ್ದರು. ನಾನು ವಕೀಲರ ಹತ್ತಿರ ಹೋಗಿದ್ದೆ. ನಿಮ್ಮ ಪರ ಹೇಳುವವರು ಒಬ್ಬರಾದರೂ ಇದ್ದಾರಾ ಎಂದು ಅವರು ಕೇಳಿದರು. ಇಲ್ಲ ಎಂದು ಹೇಳಿ ವಾಪಸು ಬಂದೆ.”

ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ. ನಾನೂ ಮತ್ತೆ ಕೇಳಲಿಲ್ಲ. “ಮಗಳಿಗೆ ನನ್ನ ಶುಭಾಶಯ ಹೇಳಿ” ಎಂದು ಫೋನಿಟ್ಟರು.

ಓದುಗ ಸಹೋದರಿಯರೇ, ಇದನ್ನೆಲ್ಲ ನಿಮಗೆ ಯಾಕೆ ಹೇಳುತ್ತಿದ್ದೇನೆ? ಅನ್ಯಾಯ ಮಾಡಿದವರನ್ನು ದೂರುವುದು ಸುಲಭ. ನಾನೂ ಇಷ್ಟು ವರ್ಷ ಮನಸ್ಸಿನಲ್ಲೇ ಸಂಚಾಲಕರನ್ನು ದೂರಿ ಸಮಾಧಾನ ಪಟ್ಟಿದ್ದೆ. ಆದರೆ ಒಬ್ಬ ಶಿಕ್ಷಕಿಯನ್ನು ಹೊರಹಾಕಲು ಅವರೊಬ್ಬರೇ ಸಾಕಾಗಿರಲಿಲ್ಲ, ನಮ್ಮೆಲ್ಲರ ಸಹಿಯೂ ಬೇಕಾಗಿತ್ತು. ದೂರು ಕೊಟ್ಟ ಒಬ್ಬರಿಗೆ ಕೊಡುವ ಶಿಕ್ಷೆ ಉಳಿದವರಿಗೆ ಕಲಿಸುವ ಪಾಠ. ಆ ಪಾಠವನ್ನು ನಾನು ಬಹಳ ಬೇಗ ಕಲಿತುಬಿಟ್ಟೆ.

ಎಲ್ಲರೂ ಜಾಕ್ಸನ್‌ರಂತೆ ಆರು ವರ್ಷ ಕೋರ್ಟು ಅಲೆಯಬೇಕೆಂದು ನಾನು ಹೇಳುವುದಿಲ್ಲ. ಮನೆ ನಡೆಯಬೇಕು, ಫೀಸು ಕಟ್ಟಬೇಕು, ಆ ಕಷ್ಟ ನನಗೂ ಗೊತ್ತು. ಸಹಿ ಹಾಕುವ ಧೈರ್ಯವಿಲ್ಲದಿದ್ದರೆ ಹಾಕಬೇಡಿ. ಆದರೆ ನಿಜ ಹೇಳಿದವರ ವಿರುದ್ಧದ ಕಾಗದಕ್ಕೆ ಮಾತ್ರ ಸಹಿ ಹಾಕಬೇಡಿ. “ನನಗೆ ಬರೆದುಕೊಡಲು ಆಗುವುದಿಲ್ಲ ಸರ್” ಎಂದು ಎದ್ದು ಬನ್ನಿ. ಖಾಲಿ ಕುರ್ಚಿಯ ಪಕ್ಕ ಹೋಗಿ ಕುಳಿತುಕೊಳ್ಳಿ. ದೂರು ಬರೆಯುವವರು ನೀವೇ ಆದರೆ ತಾರೀಕು ಹಾಕಿ ಬರೆಯಿರಿ, ತಲುಪಿದ್ದಕ್ಕೆ ಸಹಿ ಪಡೆಯಿರಿ, ಒಂದು ಪ್ರತಿ ಮನೆಯಲ್ಲಿಡಿ. ಕೊಟ್ಟ ನೋಟೀಸು, ಷರಾ ಯಾವುದನ್ನೂ ಎಸೆಯಬೇಡಿ. ಮೂರು ತಿಂಗಳು ಬೇಗ ಕಳೆದುಹೋಗುತ್ತದೆ.

ತಾಯಂದಿರಲ್ಲಿ ಒಂದು ಮಾತು. ಇಂದು ಸಂಜೆ ನಿಮ್ಮ ಮಗಳ ನೀರಿನ ಬಾಟಲಿಯನ್ನು ಎತ್ತಿ ನೋಡಿ. ತುಂಬಿದ್ದರೆ ಯಾಕೆಂದು ಕೇಳಿ. ಖಾಲಿಯಿದ್ದರೆ, ಅವಳ ಶಾಲೆಯ ಬಾಗಿಲಿಗೆ ಚಿಲಕ ಬರಲು ಯಾರಾದರೂ ಬಾಯಿ ತೆರೆದಿದ್ದರಾ ಎಂದು ವಿಚಾರಿಸಿ. ಅಂಥವರೊಬ್ಬರು ಇದ್ದರೆ, ಅವರಿನ್ನೂ ಅಲ್ಲೇ ಕೆಲಸದಲ್ಲಿದ್ದರೆ, ಒಮ್ಮೆ ಹೋಗಿ ಮಾತಾಡಿಸಿ ಬನ್ನಿ.